ಸೊಸೆ ಅನ್ನಲಿಲ್ಲ

ಹೋದ ವಾರ ಕೊಟ್ಟೂರಿನ ಗ್ರಂಥಿಗೆ ಅಂಗಡಿಯಲ್ಲಿ ಒಬ್ಬ ಅಜ್ಜಿ ಮೊಮ್ಮಗುವಿಗೆ ತೇದು ನೆಕ್ಕಿಸಲೆಂದು ಬಜೆ ಕೊಳ್ಳುತ್ತಿದ್ದಳು. ಅಂಗಡಿಯವನು ಬೇರನ್ನು ಮುರಿದು ತೋರಿಸಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಬಂದ ಕೆಲಸ ಮರೆತು ಹೊರಗೆ ಬಂದು ನಿಂತೆ. ಅವತ್ತು ಅಕ್ಕನ ಸೆರಗಿನ ಗಂಟಿನಲ್ಲಿದ್ದದ್ದೂ ಇದೇ ವಾಸನೆ...

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಾನಹೊಸಹಳ್ಳಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದೇನೆ. ಬರೆದು ರೂಢಿಯಿಲ್ಲ. ಆದರೆ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲು ಆಗಿಲ್ಲ.

ಅಕ್ಕನನ್ನು ಹರಪನಹಳ್ಳಿಗೆ ಕೊಟ್ಟಿದ್ದೆವು. ಹನ್ನೆರಡು ವರ್ಷ ಮಕ್ಕಳಾಗಲಿಲ್ಲ. ಕೊನೆಗೆ ಅವಳೂ ಭಾವನೂ ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದರು. ಕಂಪ್ಯೂಟರ್ ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ. ಗಂಡೋ ಹೆಣ್ಣೋ ಎಂದು ಅಂಗಡಿಯವಳು ಕೇಳಿದಾಗ ಭಾವ ಅಕ್ಕನ ಮುಖ ನೋಡಿದರು.

"ಹೆಣ್ಣು ಅಂತ ಹಾಕ್ರಿ," ಎಂದಳು ಅಕ್ಕ. "ಗಂಡಸ್ರು ಉಂಡು ಎದ್ದು ಹೋಗ್ತಾರ. ಮಗಳಾದ್ರ ನನ್ ಜೋಡಿ ಕುಂತು ಮಾತಾಡ್ತಾಳ."

ಭಾವ ನಕ್ಕರು. ನಾನೂ ನಕ್ಕೆ.

ಮೂರು ವರ್ಷ ಕಾದರು. ಒಂದು ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಅಕ್ಕ ನಮ್ಮ ಮನೆಗೆ ಬಂದಳು. ಹಿಂದಿನ ದಿನ ಅವಳ ಫೋನಿಗೆ ಕೂಸಿನ ಫೋಟೋ ಬಂದಿತ್ತು. ಬೇಕೋ ಬೇಡವೋ ಎಂದು ಎರಡು ದಿನದೊಳಗೆ ತಿಳಿಸಬೇಕಿತ್ತು. ಅವಳು ಆಗಲೇ ಬಜೆ ಕೊಂಡು ಸೆರಗಿಗೆ ಕಟ್ಟಿಕೊಂಡಿದ್ದಳು. ಆಗ ನಾಲ್ಕು ವರ್ಷದವನಾಗಿದ್ದ ನನ್ನ ಮಗ ಓಡಿಬಂದು ಅವಳ ತೊಡೆ ಏರಿದ. ಅವನನ್ನು ಅಪ್ಪಿಕೊಂಡೇ ಫೋನನ್ನು ನನ್ನ ಮುಂದೆ ಹಿಡಿದಳು.

"ನೋಡಲೇ ತಮ್ಮಾ, ನಿನ್ ಸೊಸಿ!"

ನಮ್ಮಲ್ಲಿ ಅಕ್ಕನ ಮಗಳೂ ಸೊಸೆ, ಮಗನ ಹೆಂಡತಿಯೂ ಸೊಸೆ. ಅಕ್ಕನಿಗೆ ಹೆಣ್ಣು ಕೂಸಾದರೆ ತಮ್ಮನಾದವನು ನನ್ನ ಸೊಸೆ ಬಂದಳು ಎನ್ನಬೇಕು. ಬರೀ ಮಾತು ಅದು. ಮುಂದೆ ಯಾರು ಯಾರನ್ನು ಮದುವೆಯಾಗುತ್ತಾರೋ ಯಾರಿಗೆ ಗೊತ್ತು? ಆದರೆ ಆ ಮಾತು ಬಿದ್ದರೆ ಕೂಸು ತವರಿಗೂ ಸೇರಿದಂತೆ. ನನಗೆ ಅದು ಬಾಯಿಗೆ ಬರಲಿಲ್ಲ. ಅವಳ ತೊಡೆಯ ಮೇಲಿದ್ದ ನನ್ನ ಮಗನನ್ನು ನೋಡಿ ಹೆದರಿದೆ.

"ಯಾರ ಪೈಕಿನೋ ಏನೋ ಅಕ್ಕಾ... ನಾಳೆ ಇದನ್ನ ಯಾರು ತಗೋಬೇಕು? ಗಂಡು ಕೇಳಬೇಕಿತ್ತು ನೀವು. ಗಂಡಾದ್ರ ಯಾರೂ ಏನೂ ಕೇಳಂಗಿಲ್ಲ."

"ನೀನ ಹಿಂಗಂದ್ರ..." ಎಂದಳು. ನನ್ನ ಮಗನನ್ನು ಮೆಲ್ಲಗೆ ಕೆಳಗಿಳಿಸಿ, ಚಹಾ ಕಾಯದೆ ಎದ್ದಳು. ನಾನು ಬಸ್ ಸ್ಟ್ಯಾಂಡಿನವರೆಗೆ ಹೋಗಿ ಕಳಿಸಿ ಬರಲಿಲ್ಲ.

ಬೇಡವೆಂದು ತಿಳಿಸಿದರಂತೆ. ಮತ್ತೆ ಆ ಮನೆಯಲ್ಲಿ ಅರ್ಜಿಯ ಮಾತು ಏಳಲಿಲ್ಲ. ಅಕ್ಕ ಹಬ್ಬಕ್ಕೆ ಬರುತ್ತಿದ್ದಳು, ನನ್ನ ಮಗನಿಗೆ ಅಂಗಿ ತರುತ್ತಿದ್ದಳು, ನನ್ನ ಜೊತೆ ಮೊದಲಿನ ಹಾಗೆಯೇ ಇದ್ದಳು. ಒಂದು ಸಲವಾದರೂ ಬೈದಿದ್ದರೆ... ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು.

ಹೋದ ವಾರ ಕೊಟ್ಟೂರಿನಿಂದ ನಾನು ಮನೆಗೆ ಹೋಗಲಿಲ್ಲ. ಹರಪನಹಳ್ಳಿ ಬಸ್ಸು ಹತ್ತಿದೆ. ಭಾವ ಒಬ್ಬರೇ ಅಕ್ಕಿ ಆರಿಸುತ್ತ ಕುಳಿತಿದ್ದರು. ಆ ಕೂಸಿನ ಫೋಟೋ ಇದೆಯೇ ಎಂದು ಕೇಳಿದೆ.

"ಅವತ್ತೇ ಅಳಿಸಿಬಿಟ್ಳು," ಎಂದರು. ಅಕ್ಕಿಯಲ್ಲಿ ಸಿಕ್ಕ ಕಲ್ಲೊಂದನ್ನು ಎಸೆದು, "ನೀನು ನೋಡಿದ್ಯಲ್ಲ?" ಎಂದರು.

ಹೂಂ ಎಂದೆ. ಕಣ್ಣು ಮುಚ್ಚಿದರೆ ಫೋನು ಹಿಡಿದ ಅಕ್ಕನ ಕೈ ಕಾಣುತ್ತದೆ, ಹಸಿರು ಬಳೆ ಕಾಣುತ್ತದೆ, ಅವಳ ನಗು ಕಾಣುತ್ತದೆ. ಕೂಸಿನ ಮುಖ ಬರುವುದಿಲ್ಲ. ನಾನು ನೋಡಿರಲೇ ಇಲ್ಲ.