ಬೆಚ್ಚನೆಯ ಗೋಡೆ

ಬೀದಿಯವರಿಗೆಲ್ಲ ಅವನು ಭಟ್ಟಿಯಣ್ಣ. ಹೆತ್ತವರು ಇಟ್ಟ ಹೆಸರು ಬೇಕರಿಯ ಲೈಸೆನ್ಸಿನ ಮೇಲೆ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೂಟೆ ಹೊರುವ ಕೆಲಸಕ್ಕೆಂದು ಆ ಬೇಕರಿಗೆ ಬಂದವನು ಅವನು. ಗಾಡಿಯಿಂದ ಇಳಿಸಿದ ಮೈದಾ ಮೂಟೆಗಳನ್ನು ಒಂದಾದ ಮೇಲೊಂದು ಬೆನ್ನಿಗೇರಿಸಿಕೊಂಡು, ಅಂಗಡಿ ದಾಟಿ, ಹಿಟ್ಟು ನಾದುವ ಕೋಣೆ ದಾಟಿ, ಹಿಂದಿನ ಭಟ್ಟಿಯ ಕೋಣೆಯ ಮೂಲೆಯಲ್ಲಿ ಅಟ್ಟಿ ಹಾಕುತ್ತಿದ್ದ. ನಡುವೆ ಕೂರುತ್ತಿರಲಿಲ್ಲ, ನೀರು ಕೇಳುತ್ತಿರಲಿಲ್ಲ. ಮಾಲೀಕ ಆರು ವರ್ಷ ಇದನ್ನು ನೋಡಿ ಮಗಳನ್ನೇ ಕೊಟ್ಟ. "ಅಳಿಯನ ಮುಖ ಆಮೇಲೆ ನೋಡಿದೆ, ಮೊದಲು ನೋಡಿದ್ದು ಬೆನ್ನನ್ನೇ" ಎಂದು ಆತ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದ.

ಆ ಬೆನ್ನು ಮೊದಲ ಸಲ ಕೈಕೊಟ್ಟಿದ್ದು ಅವನಿಗೆ ಮೂವತ್ತಾಗಿದ್ದಾಗ. ಬ್ರೆಡ್ಡಿನ ಖಾಲಿ ಡಬ್ಬಿಗಳ ಜೋಡಿಕೆಯನ್ನು ನೆಲದಿಂದ ಎತ್ತಲು ಬಗ್ಗಿದವನು ಮತ್ತೆ ನೆಟ್ಟಗಾಗಲಿಲ್ಲ. ಮಾವ ತೋಳು ಹಿಡಿದು ನಡೆಸಿಕೊಂಡು ಹೋಗಿ ಭಟ್ಟಿಯ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ. ಇಟ್ಟಿಗೆಯ ಆ ಭಟ್ಟಿಯನ್ನು ಕಟ್ಟಿಸಿದವನು ಆತನೇ. ಒಂದೂವರೆ ಮೊಳ ದಪ್ಪದ ಗೋಡೆ. ಒಳಗೆ ಸೌದೆ ಉರಿದು, ಕೆಂಡ ಎಳೆದು ಹಾಕಿ, ಬ್ರೆಡ್ಡು ಬೇಯಿಸಿ ತೆಗೆದ ಮೇಲೂ ಗಂಟೆಗಟ್ಟಲೆ ಹೊರಮೈ ಹದವಾಗಿ ಬೆಚ್ಚಗಿರುತ್ತಿತ್ತು.

"ಔಷಧಿ ಇಲ್ಲೇ ಇದೆ. ಒರಗಿಕೋ" ಎಂದ ಮಾವ.

ಒರಗಿಕೊಂಡ. ಬಟ್ಟೆ ದಾಟಿ, ಚರ್ಮ ದಾಟಿ ಕಾವು ನಿಧಾನವಾಗಿ ಒಳಗಿಳಿಯಿತು. ಕಲ್ಲಿನಂತೆ ಗಟ್ಟಿಯಾಗಿದ್ದ ಸೊಂಟ ಕಾಲು ಗಂಟೆಯಲ್ಲಿ ಸಡಿಲವಾಯಿತು. ಅವನು ಎದ್ದು ನಿಂತು, ಎರಡು ಸಲ ಅತ್ತಿತ್ತ ತಿರುಗಿ ನೋಡಿ, ಬಿಟ್ಟಲ್ಲಿಂದಲೇ ಡಬ್ಬಿಗಳನ್ನು ಎತ್ತಿದ. ಆ ದಿನದಿಂದ ಅವನಿಗೆ ಆ ಗೋಡೆಯ ಮೇಲೆ ದೇವರ ಮೇಲಿದ್ದಷ್ಟೇ ನಂಬಿಕೆ.

ಮಾವನೂ ಅದೇ ಗೋಡೆಗೆ ಒರಗುತ್ತಿದ್ದವನೇ. ಆತನ ಕೊನೆಗಾಲ ಚೆನ್ನಾಗಿರಲಿಲ್ಲ. ಮೊದಲು ಎಡಗಾಲು ಎಳೆಯತೊಡಗಿದ. ಆಮೇಲೆ ಎರಡು ವರ್ಷ ಹಾಸಿಗೆ ಹಿಡಿದ. ಮಲಗಿದಲ್ಲೇ ಎಲ್ಲ ಆಗುತ್ತಿತ್ತು. ಆದದ್ದು ಆತನಿಗೇ ಗೊತ್ತಾಗುತ್ತಿರಲಿಲ್ಲ. ವಯಸ್ಸಾಯಿತಲ್ಲ ಎಂದರು ಮನೆಯವರು. ಬಂದು ನೋಡಿಹೋದವರೂ ಅದನ್ನೇ ಅಂದರು. ಆತ ಹೋದ ಮೇಲೆ ಕಟ್ಟೆ ಪೂರ್ತಿ ಅಳಿಯನದಾಯಿತು.

ಮೊದಲ ಸಲ ಒರಗಿದ ದಿನದಿಂದ ಹದಿನೆಂಟು ವರ್ಷ ಅದು ಹಾಗೆಯೇ ನಡೆಯಿತು. ಹೆಂಡತಿ ಮುಂದೆ ಗಾಜಿನ ಪೆಟ್ಟಿಗೆಯ ಹಿಂದೆ ನಿಂತು ವ್ಯಾಪಾರ ನೋಡುತ್ತಿದ್ದಳು. ಅವಳ ತಮ್ಮ ಹಿಟ್ಟು ನಾದುತ್ತಿದ್ದ. ಭಟ್ಟಿಯಣ್ಣ ಮೂಟೆ, ಸೌದೆ, ಭಟ್ಟಿ ಮೂರನ್ನೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೆಳಿಗ್ಗೆ ಎರಡು ಸುತ್ತು ಬ್ರೆಡ್ಡು, ಬನ್ನು ಇಳಿಸಿ, ಉಳಿದ ಕಾವಿಗೆ ರಸ್ಕು ಇಟ್ಟು, ಹನ್ನೊಂದರ ಹೊತ್ತಿಗೆ ಗೋಡೆಗೆ ಒರಗಿದರೆ ಮೊದಮೊದಲು ಕಾಲು ಗಂಟೆ ಸಾಕಾಗುತ್ತಿತ್ತು. ಆಮೇಲೆ ಅರ್ಧ ಗಂಟೆ ಬೇಕಾಯಿತು. ಆಮೇಲೆ ಮುಕ್ಕಾಲು. ನೋವು ಇಳಿದ ಕೂಡಲೇ ಎದ್ದು ಮತ್ತೆ ಮೂಟೆಗೆ ಬೆನ್ನು ಕೊಡುತ್ತಿದ್ದ. ನಲವತ್ತೆಂಟರ ಹೊತ್ತಿಗೆ ಸೊಂಟದ ಚರ್ಮದ ಮೇಲೆ ಕಂದು ಬಣ್ಣದ ಗೆರೆಗಳು ಮೂಡಿದ್ದವು, ಮೀನಿನ ಬಲೆ ಹಾಸಿದ ಹಾಗೆ. ಹೆಂಡತಿ ಕೇಳಿದರೆ, ಭಟ್ಟಿ ಹಾಕಿದ ಮೊಹರು, ಇನ್ಯಾರೂ ನನ್ನನ್ನು ಕದಿಯುವ ಹಾಗಿಲ್ಲ ಎಂದು ತಮಾಷೆ ಮಾಡಿದ.

ಎದುರಿನ ಔಷಧಿ ಅಂಗಡಿಯ ಅಮ್ಮನಿಗೆ ಆ ತಮಾಷೆ ಹಿಡಿಸಲಿಲ್ಲ. ಅರವತ್ತು ದಾಟಿದ ಹೆಂಗಸು, ದಿನಾ ಬ್ರೆಡ್ಡಿಗೆ ಬರುವವರು. ಒಂದು ದಿನ ಅವನ ಅಂಗಿ ಸರಿದಾಗ ಆ ಬಲೆ ಅವರ ಕಣ್ಣಿಗೆ ಬಿತ್ತು. ಶಾಖ ಒಳ್ಳೆಯದೇ, ಬೇಡ ಅನ್ನುವುದಿಲ್ಲ ಎಂದರು. ಆದರೆ ಹದಿನೈದು ಇಪ್ಪತ್ತು ನಿಮಿಷ ಸಾಕು, ನಡುವೆ ದಪ್ಪ ಬಟ್ಟೆ ಇರಬೇಕು, ಹಾಗೇ ನಿದ್ದೆ ಹೋಗಬಾರದು. ಈ ಗೆರೆ ಮೂಡಿದೆ ಎಂದರೆ ಚರ್ಮ ದಿನಾ ಸ್ವಲ್ಪ ಸ್ವಲ್ಪ ಬೇಯುತ್ತಿದೆ ಎಂದರ್ಥ. ಇನ್ನು ಕಾಲಿಗೆ ಜೋಮು ಬಂದರೆ ಗೋಡೆ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು, ತಡ ಮಾಡಬಾರದು ಎಂದರು. ಅವನು ತಲೆಯಾಡಿಸಿ, ಅವರ ಚೀಲಕ್ಕೆ ಒಂದು ಬನ್ನು ಹೆಚ್ಚಿಗೆ ಹಾಕಿ ಕಳಿಸಿದ. ಮಾತು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಗೆ ಹೋಯಿತು.

ಆ ವರ್ಷದ ಚಳಿಗೆ ನೋವು ಸೊಂಟದಲ್ಲೇ ಕೂರಲಿಲ್ಲ. ತೊಡೆಯ ಹಿಂಭಾಗದಿಂದ ಮೀನಖಂಡದವರೆಗೆ ಯಾರೋ ತಂತಿ ಹಾಕಿ ಎಳೆದ ಹಾಗೆ ಆಗುತ್ತಿತ್ತು. ಅವನು ಗೋಡೆಯ ಹತ್ತಿರ ಕೂರುವ ಹೊತ್ತನ್ನು ಇನ್ನಷ್ಟು ಹೆಚ್ಚಿಸಿದ, ಅಷ್ಟೇ. ಒಂದು ಸೋಮವಾರ ಮೂಟೆಯನ್ನು ಬೆನ್ನಿಗೆ ತೆಗೆದುಕೊಳ್ಳುವಾಗ ಸೊಂಟದೊಳಗೆ ಮೆತ್ತಗೆ ಏನೋ ಹರಿದ ಹಾಗಾಯಿತು. ಆ ದಿನವಿಡೀ ಹಲ್ಲು ಕಚ್ಚಿಕೊಂಡಿದ್ದ. ಮಂಗಳವಾರ ನೋವು ಅರ್ಧಕ್ಕಿಳಿಯಿತು. ಬುಧವಾರ ಬೆಳಿಗ್ಗೆ ಎದ್ದರೆ ನೋವೇ ಇರಲಿಲ್ಲ.

ಅಷ್ಟು ಖುಷಿಯಾಗಿ ಅವನಿದ್ದದ್ದನ್ನು ಹೆಂಡತಿ ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು. ಹದಿನೆಂಟು ವರ್ಷ ಶಾಖ ಕೊಟ್ಟಿದ್ದಕ್ಕೆ ಇವತ್ತು ಫಲ ಸಿಕ್ಕಿತು, ತಾಳ್ಮೆ ಬೇಕು, ಜನಕ್ಕೆ ಅದೇ ಇಲ್ಲ ಎಂದ. ಮಧ್ಯಾಹ್ನ ಸೌದೆ ನೋಡಲು ಹಿತ್ತಲಿಗೆ ಹೋದವನು ಒಳಗೆ ಬಂದಾಗ ಅವಳು ಅವನ ಕಾಲು ನೋಡಿದಳು. ಬಲಗಾಲಿನಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿದಾಗಿತ್ತು.

"ರೀ, ಇನ್ನೊಂದು ಚಪ್ಪಲಿ ಎಲ್ಲಿ?"

ಅವನು ಬಗ್ಗಿ ನೋಡಿ ನಕ್ಕ. ಅದು ಹಿತ್ತಲ ಕೊನೆಯಲ್ಲಿ, ಸೌದೆ ರಾಶಿಯ ಪಕ್ಕ ಬಿದ್ದಿತ್ತು. ಜಲ್ಲಿ ಹಾಸಿದ ನೆಲದ ಮೇಲೆ ಅಷ್ಟು ದೂರ ಬರಿಗಾಲಲ್ಲಿ ನಡೆದು ಬಂದಿದ್ದ. ಅವಳು ಹೋಗಿ ಚಪ್ಪಲಿ ತಂದು ಅವನ ಮುಂದಿಟ್ಟಳು. ಅದರೊಳಗೆ ಪಾದ ತೂರಿಸಲು ಅವನು ಕಣ್ಣಿಟ್ಟು ನೋಡಬೇಕಾಯಿತು. ಅಷ್ಟರಲ್ಲಿ ಮುಂದೆ ಗಿರಾಕಿ ಕೂಗಿದರು, ಹೋದಳು.

ಅದೇ ಹೊತ್ತಿಗೆ ಭಟ್ಟಿಯೊಳಗೂ ಒಂದು ಕೆಟ್ಟದ್ದು ನಡೆದಿತ್ತು. ಬೂದಿ ತೆಗೆಯುವ ಬಾಗಿಲ ಪಕ್ಕ ಒಳಗಿನ ನಾಲ್ಕೈದು ಇಟ್ಟಿಗೆ ಕುಸಿದು, ಹೊರಗಿನ ಗಾರೆಯಲ್ಲಿ ಬಿರುಕು ಬಿಟ್ಟಿತ್ತು. ಅಲ್ಲಿ ಕೈಯಿಟ್ಟ ಭಾವಮೈದ ಥಟ್ಟನೆ ಹಿಂದಕ್ಕೆ ಎಳೆದುಕೊಂಡಿದ್ದ. ಭಾನುವಾರ ಗಾರೆಯವನನ್ನು ಕರೆಸೋಣ, ಅಲ್ಲಿಯವರೆಗೆ ಆ ಕಡೆ ಒರಗಬೇಡಿ ಭಾವ ಎಂದು ಹೇಳಿದ. ಭಾವನ ದೂರು ಬೇರೆಯೇ ಇತ್ತು.

"ಸೌದೆ ಹಸಿಯೇನೋ? ಎರಡು ದಿನದಿಂದ ಗೋಡೆಗೆ ಕಾವೇ ಇಲ್ಲ."

ಭಾವಮೈದ ತಬ್ಬಿಬ್ಬಾದ. ಕಟ್ಟೆಯ ಕಲ್ಲೇ ಕಾದ ಕಾವಲಿಯ ಹಾಗಿತ್ತು. ಭಾವ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾದುವ ಮೇಜಿಗೆ ಮರಳಿದ.

ಗುರುವಾರ ಹನ್ನೊಂದೂವರೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಹೆಂಡತಿ ಬನ್ನು ಕಟ್ಟುತ್ತಿದ್ದವಳು ಮೂಗೆತ್ತಿ ನೋಡಿದಳು. ಸೀದ ವಾಸನೆ. ಬೇಕರಿಯಲ್ಲಿ ಹುಟ್ಟಿ ಬೆಳೆದವಳು ಅವಳು. ಯಾವುದು ಸೀಯುತ್ತಿದೆ ಎಂದು ದೂರದಿಂದಲೇ ಹೇಳಬಲ್ಲವಳು. ಇದು ಯಾವುದೆಂದು ತಿಳಿಯಲಿಲ್ಲ.

"ರಸ್ಕು ನೋಡೋ" ಎಂದು ತಮ್ಮನಿಗೆ ಹೇಳಿದಳು.

ಅವನು ಭಟ್ಟಿಯ ಬಾಯಿ ತೆರೆದು ನೋಡಿದ. ರಸ್ಕು ಇನ್ನೂ ಬಿಳಿಚಿಕೊಂಡೇ ಇತ್ತು. ತಟ್ಟೆ ಹೊರಗೆಳೆದು, ಮತ್ತೆ ಒಳಗೆ ತಳ್ಳಿ, ತಿರುಗಿದ. ಬೂದಿಬಾಗಿಲ ಪಕ್ಕದಲ್ಲಿ, ಬಿರುಕಿಗೆ ಸರಿಯಾಗಿ ಸೊಂಟದ ಕೆಳಭಾಗ ಒತ್ತಿಕೊಂಡು ಭಾವ ಕಣ್ಣು ಮುಚ್ಚಿ ಕೂತಿದ್ದ. ಮುಖದಲ್ಲಿ ಹಾಯಾದ ಕಳೆ. ಅವನ ಹಿಂದಿನಿಂದ ನೂಲಿನ ಎಳೆಯಷ್ಟು ಹೊಗೆ ಏಳುತ್ತಿತ್ತು.

ಭಾವಮೈದ ಎರಡೂ ತೋಳು ಹಿಡಿದು ಅವನನ್ನು ನೆಲಕ್ಕೆ ಎಳೆದ. ಪ್ಯಾಂಟಿನ ಹಿಂಭಾಗ ಅಂಗೈಯಗಲ ಸುಟ್ಟು ತೂತಾಗಿತ್ತು. ಅದರೊಳಗಿನ ಚರ್ಮ ಅಲ್ಲಲ್ಲಿ ಬೆಳ್ಳಗೆ, ಅಲ್ಲಲ್ಲಿ ಕರ್ರಗೆ ಕಾಣುತ್ತಿತ್ತು.

"ಯಾಕೋ ಎಳೀತೀಯ?" ಎಂದ ಭಟ್ಟಿಯಣ್ಣ. ದನಿಯಲ್ಲಿ ನೋವಿರಲಿಲ್ಲ, ಗಾಬರಿಯಿರಲಿಲ್ಲ. ನಿದ್ದೆ ಕೆಡಿಸಿದ್ದಕ್ಕೆ ಸ್ವಲ್ಪ ಸಿಟ್ಟಿತ್ತು, ಅಷ್ಟೇ. ಆ ದನಿ ಕೇಳಿದ್ದೇ ಭಾವಮೈದ ಅಕ್ಕನನ್ನು ಕೂಗುತ್ತಾ ಬೀದಿಗೆ ಓಡಿದ.

ಎದುರಂಗಡಿಯ ಅಮ್ಮ ರಸ್ತೆ ದಾಟಿ ಓಡಿ ಬಂದರು. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಗಾಯದ ಮೇಲೆ ಹಾಕಿಸಿ, ಅವನನ್ನು ಬೋರಲು ಮಲಗಿಸಿದರು. ಗಾಯದ ಸುತ್ತ, ತೊಡೆಯ ಹಿಂದೆ, ಪಾದದ ಮೇಲೆ ಒಂದೊಂದೇ ಕಡೆ ಉಗುರಿನಿಂದ ಒತ್ತಿ, ಗೊತ್ತಾಗುತ್ತಾ ಎಂದು ಕೇಳಿದರು. ಅವನು, ನೀವಿನ್ನೂ ಮುಟ್ಟೇ ಇಲ್ಲವಲ್ಲ ಎಂದ. ಅಮ್ಮ ಅವನ ಕಿವಿಯ ಹತ್ತಿರ ಬಾಗಿದರು. ತಗ್ಗಿದ ದನಿಯಲ್ಲಿ ಕೇಳಿದರು:

"ಒಂದಕ್ಕೆ ಯಾವಾಗ ಹೋಗಿದ್ದೆಯಪ್ಪಾ?"

ಅವನು ಯೋಚಿಸಿದ. ನಿನ್ನೆ ಸಂಜೆ. ಅಲ್ಲ, ನಿನ್ನೆ ಮಧ್ಯಾಹ್ನ. ಬೆಳಗಿನಿಂದ ಎರಡು ತಂಬಿಗೆ ನೀರು ಕುಡಿದಿದ್ದ. ಹೋಗಬೇಕು ಎಂದೇ ಅನ್ನಿಸಿರಲಿಲ್ಲ.

ಅಮ್ಮ ಎದ್ದು ಹೆಂಡತಿಯ ಕಡೆ ತಿರುಗಿದರು. "ಗಾಡಿ ಕರೆಸು, ಈಗಲೇ. ದೊಡ್ಡ ಆಸ್ಪತ್ರೆಗೇ ಹೋಗಬೇಕು. ಸುಟ್ಟ ಗಾಯದ ಚಿಂತೆ ಆಮೇಲೆ."

ಭಟ್ಟಿಯಣ್ಣ ಒಪ್ಪಲಿಲ್ಲ. ಸಂಜೆಯ ಬ್ರೆಡ್ಡಿಗೆ ಹಿಟ್ಟು ಹುದುಗಲು ಇಟ್ಟಾಗಿದೆ, ನೋವಿಲ್ಲದ ಮೇಲೆ ಆಸ್ಪತ್ರೆ ಯಾತಕ್ಕೆ, ಮುಲಾಮು ಹಚ್ಚಿದರೆ ಸಾಕು ಎಂದ. ಹೆಂಡತಿ ಅವನ ಜೊತೆ ವಾದಕ್ಕಿಳಿಯಲಿಲ್ಲ. ಗಿರಾಕಿಗಳನ್ನು ಹೊರಗೆ ಕಳಿಸಿ ಅಂಗಡಿಯ ಷಟರ್ ಎಳೆದಳು. ತಂದೆ ಸತ್ತ ದಿನದ ನಂತರ ಹಗಲು ಹೊತ್ತಿನಲ್ಲಿ ಆ ಷಟರ್ ಇಳಿದಿದ್ದು ಆಗಲೇ. ಬಂದು ಅವನ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಳು.

"ಅಪ್ಪನ ಕಾಲೂ ಹೀಗೇ ಹೋಯ್ತು. ಅವರ ಚಪ್ಪಲೀನೂ ಹೀಗೇ ಹಿಂದೆ ಉಳೀತಿತ್ತು. ನಾವು ವಯಸ್ಸು ಅಂದ್ಕೊಂಡು ಸುಮ್ಮನಿದ್ವಿ. ಏಳಿ."

ಅವನು ಏಳಲು ನೋಡಿದ. ಎಡಗಾಲು ಅವನ ಮಾತು ಕೇಳಲಿಲ್ಲ. ಭಾವಮೈದ ಅವನನ್ನು ಹೊತ್ತುಕೊಂಡು ಗಾಡಿಗೆ ಹಾಕಿದ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರ್ ಮೂವತ್ತೈದರ ಒಳಗಿನ ಹೆಂಗಸು. ಸುತ್ತಿ ಬಳಸಿ ಮಾತಾಡುವವರಲ್ಲ. ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಮೆತ್ತೆ ಒಡೆದು ಹೊರಗೆ ಬಂದು, ಕೆಳಗಿಳಿಯುವ ನರಗಳ ಕಟ್ಟನ್ನೇ ಅದುಮಿ ಹಿಡಿದಿದೆ ಎಂದರು. ಇವತ್ತೇ ಆಪರೇಷನ್ ಆಗಬೇಕು. ಎರಡು ದಿನ ಮೊದಲು ಬಂದಿದ್ದರೆ ಎಂದು ಶುರು ಮಾಡಿ, ಮಾತನ್ನು ಅಲ್ಲಿಗೇ ನಿಲ್ಲಿಸಿದರು.

"ನೋವೇ ಹೋಗಿತ್ತಲ್ಲ ಮೇಡಂ" ಎಂದ ಭಟ್ಟಿಯಣ್ಣ.

"ಹೋಗಿಲ್ಲ. ನೋವನ್ನ ನಿಮಗೆ ತಿಳಿಸೋ ನರ ಸಾಯ್ತಾ ಇದೆ."

ಶಾಖದಿಂದಲೇ ಹೀಗಾಯಿತಾ ಎಂದು ಹೆಂಡತಿ ಕೇಳಿದಳು. ಅಲ್ಲ ಎಂದರು ಡಾಕ್ಟರ್. ದಣಿದು ಬಿಗಿದ ಸ್ನಾಯುವಿಗೆ ಶಾಖ ಹಿತವೇ, ಅವರೇ ಎಷ್ಟೋ ಜನರಿಗೆ ಹೇಳುತ್ತಾರೆ. ಇವರಿಗೆ ಆದದ್ದೆಂದರೆ, ಶಾಖ ದಿನಾ ನೋವನ್ನು ಇಳಿಸಿತು, ಇವರು ದಿನಾ ಮತ್ತೆ ಮೂಟೆ ಹೊತ್ತರು. ಒಳಗೆ ಸವೆಯುತ್ತಿದ್ದದ್ದು ಸವೆಯುತ್ತಲೇ ಹೋಯಿತು. ಹೆಂಡತಿ ಹೊರಗೆ ಬಂದಳು. ಹಾಸಿಗೆಯ ಮೇಲೆ ತನಗೇ ಗೊತ್ತಾಗದೆ ಒದ್ದೆಯಾಗುತ್ತಿದ್ದ ತಂದೆಯನ್ನು, ಹಾಗಾದಾಗ ತಾನು ಒಂದೊಂದು ಸಲ ಗದರಿಸಿದ್ದನ್ನು ನೆನೆದು ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

ಸಂಜೆ ಬೀಗದ ಕೈ ಹಿಡಿದು ಬೇಕರಿಗೆ ಹೋಗಿ ಬಂದ ತಮ್ಮ, ಹಿಟ್ಟು ಉಕ್ಕಿ ತೊಟ್ಟಿಯಿಂದ ನೆಲಕ್ಕಿಳಿದು ಹುಳಿ ನಾರುತ್ತಿತ್ತು, ರಸ್ಕು ಇದ್ದಿಲಾಗಿತ್ತು ಎಂದು ಹೇಳಿದ. ಅವಳು ತಲೆಯಾಡಿಸಿದಳು. ಕೇಳಿಸಿತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

ಆಪರೇಷನ್ ಆಗಿ ಐದು ದಿನ ಏನೂ ಬದಲಾಗಲಿಲ್ಲ. ಡಾಕ್ಟರ್ ದಿನಾ ಬಂದು ಪಿನ್ನಿನಿಂದ ಚುಚ್ಚುತ್ತಿದ್ದರು. ಅವನು ಸೂರು ನೋಡುತ್ತಾ ಸುಮ್ಮನಿರುತ್ತಿದ್ದ. ಆರನೇ ದಿನ ಬೆಳಿಗ್ಗೆ ಬಲಗಾಲಿನಲ್ಲಿ ಉರಿ ಎದ್ದಿತು. ಕೆಂಡದ ಮೇಲೆ ಇಟ್ಟ ಹಾಗಿದೆ ಎಂದು ಅವನು ನರಳಿದ. ಹೆಂಡತಿ ಅವನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ನೋವು ಬಂತೆಂದು ಆ ವಾರ್ಡಿನಲ್ಲಿ ಸಂತೋಷಪಟ್ಟವಳು ಅವಳೊಬ್ಬಳೇ ಇರಬೇಕು.

ಬಲಗಾಲು ಬಂತು. ಎಡಗಾಲು ಅರ್ಧ ಬಂತು. ಇವತ್ತಿಗೂ ಪಾದ ನೆಲಕ್ಕೆ ಪಟ್ಟೆಂದು ಬೀಳುತ್ತದೆ. ಮೂತ್ರದ ಕೊಳವೆ ಮೂರು ತಿಂಗಳು ಇತ್ತು. ಆಮೇಲೆ ತಾನೇ ಹೋಗುವಂತಾದ. ಆದರೆ ಹೋಗಬೇಕೆನ್ನುವ ಸೂಚನೆ ದೇಹ ಕೊಡುವುದಿಲ್ಲ. ಗಡಿಯಾರ ನೋಡಿ ಮೂರು ಗಂಟೆಗೊಮ್ಮೆ ಹೋಗುತ್ತಾನೆ. ಸುಟ್ಟ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಿದರು. ಅಷ್ಟು ದಿನವೂ ಹೆಂಡತಿ ಬೆಳಿಗ್ಗೆ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಬೋರಲು ಮಲಗಿದ ಅವನು ಆ ಹೊತ್ತಿನಲ್ಲಿ ಅವಳಿಗೆ ಪೇಪರು ಓದಿ ಹೇಳುತ್ತಿದ್ದ. ಒಂದು ದಿನವೂ ಓದು ನಡುವೆ ನಿಲ್ಲಲಿಲ್ಲ. ಗಾಯ ಉರಿದು ಒಮ್ಮೆಯಾದರೂ ನಿಲ್ಲಲಿ ಎಂದು ಅವಳು ಪ್ರತಿದಿನ ಕಾಯುತ್ತಿದ್ದಳು.

ಈಗ ಭಟ್ಟಿ ಭಾವಮೈದನ ಕೈಯಲ್ಲಿದೆ. ಮೂಟೆ ಇಳಿಸಲು ತಳ್ಳುಗಾಡಿ ಬಂದಿದೆ. ಭಟ್ಟಿಯಣ್ಣ ಗಾಜಿನ ಪೆಟ್ಟಿಗೆಯ ಹಿಂದೆ ದಿಂಬು ಹಾಕಿದ ಕುರ್ಚಿಯ ಮೇಲೆ ಕೂರುತ್ತಾನೆ. ಅರ್ಧ ಗಂಟೆಗೊಮ್ಮೆ ಹೆಂಡತಿ ಅವನನ್ನು ಎಬ್ಬಿಸುತ್ತಾಳೆ. ಎಷ್ಟು ಹೊತ್ತು ಕೂತೆ ಎಂಬುದು ಮೈಯ ಕೂರುವ ಭಾಗಕ್ಕೆ ತಿಳಿಯುವುದಿಲ್ಲವಾದ್ದರಿಂದ ಹುಣ್ಣಾಗುವ ಭಯ. ಸೊಂಟದ ಮೇಲ್ಭಾಗ ಚಳಿಗೆ ಇನ್ನೂ ಬಿಗಿಯುತ್ತದೆ. ಅಲ್ಲಿ ಸ್ಪರ್ಶ ಸರಿಯಾಗಿದೆ, ಅಲ್ಲಿಗೆ ಮಾತ್ರ ಶಾಖ ಕೊಡಬಹುದು ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವವರು ಒಪ್ಪಿದ್ದಾರೆ. ಬಿಸಿನೀರಿನ ಚೀಲವನ್ನು ಎರಡು ಮಡಿಕೆಯ ಟವೆಲಿನಲ್ಲಿ ಸುತ್ತಿ, ಮೊದಲು ತನ್ನ ಮುಂಗೈಗೆ ಹಿಡಿದು ನೋಡಿ, ಆಮೇಲೆ ಅವಳು ಅವನ ಬೆನ್ನಿಗೆ ಇಡುತ್ತಾಳೆ. ಹದಿನೈದು ನಿಮಿಷಕ್ಕೆ ತೆಗೆಯುತ್ತಾಳೆ. ಇನ್ನೈದು ನಿಮಿಷ ಎಂದು ಅವನು ಎಂದೂ ಕೇಳಿಲ್ಲ.

ಬ್ರೆಡ್ಡಿಗೆ ಬರುವವರಲ್ಲಿ ಯಾರಾದರೂ ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿದರೆ ಅವನು ಚಿಲ್ಲರೆ ಎಣಿಸುವುದನ್ನು ನಿಲ್ಲಿಸುತ್ತಾನೆ. ಕಾಲಿಗೆ ಇಳಿದಿದೆಯಾ, ಜೋಮು ಇದೆಯಾ, ಕೂರುವ ಭಾಗ ಮರಗಟ್ಟಿದ ಹಾಗಿದೆಯಾ, ಒಂದಕ್ಕೆ ಸರಿಯಾಗಿ ಹೋಗುತ್ತಿದ್ದೀರಾ ಎಂದು ನಾಚಿಕೆ ಬಿಟ್ಟು ಕೇಳುತ್ತಾನೆ. ಹೌದೆಂದವರಿಗೆ ಆಸ್ಪತ್ರೆಯ ದಾರಿ ಹೇಳುತ್ತಾನೆ. ಕೆಲವರು ಹೋಗುತ್ತಾರೆ. ಕೆಲವರು, ಬ್ರೆಡ್ಡು ಮಾರೋದು ಬಿಟ್ಟು ಯಾವಾಗ ಡಾಕ್ಟರಾದೆ ಎಂದು ನಗುತ್ತಾರೆ. ನಕ್ಕವರು ಅಂಗಡಿ ಇಳಿದು ಹೋಗುವಾಗ ಅವನು ಕುರ್ಚಿಯಿಂದ ಮುಂದಕ್ಕೆ ಬಾಗಿ, ಅವರು ಬೀದಿಯ ತಿರುವು ದಾಟುವವರೆಗೂ ಅವರ ಪಾದಗಳನ್ನೇ ನೋಡುತ್ತಿರುತ್ತಾನೆ.