ಖಾಲಿ ಬಂದ ಬುಟ್ಟಿಗಳು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಆಳಂದದ ಸಂತೆಯಲ್ಲಿ ತಕ್ಕಡಿಯ ತಳಕ್ಕೂ ಕೈಯಾಡಿಸಿ ನೋಡುತ್ತೇನೆ. ಮೊಬೈಲಿನ ಆ ಹೊಲದ ಆಟವನ್ನು ಮಾತ್ರ ನಂಬಿಬಿಟ್ಟೆ.

ಆಟ ಕಲಿಸಿದವಳು ಕರಜಗಿಗೆ ಕೊಟ್ಟ ನನ್ನ ತಂಗಿ. ಇಬ್ಬರಿಗೂ ಒಂದೊಂದು ಹೊಲ. ಬೆಳೆದದ್ದನ್ನು ಬುಟ್ಟಿಯಲ್ಲಿ ಹಾಕಿ ಒಬ್ಬರಿಗೊಬ್ಬರು ಕಳಿಸಬೇಕು. ನಾನು ಬದನೆಕಾಯಿ ಕಳಿಸಿದರೆ ಅವಳ ಕಡೆಯಿಂದ ಮೆಣಸಿನಕಾಯಿ. ನಮ್ಮ ಕಡೆ ಯಾರದೇ ಡಬ್ಬಿ ಮನೆಗೆ ಬಂದರೆ ಅದನ್ನು ಬರಿದಾಗಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ. ಖಾಲಿ ಡಬ್ಬಿ ಕಳಿಸಿದರೆ ಸಂಬಂಧ ಇನ್ನು ಸಾಕು ಅಂದಂತೆ.

ಒಂದು ದಿನ ತಂಗಿಯ ಬುಟ್ಟಿ ಖಾಲಿ ಬಂತು. ಮರುದಿನವೂ ಖಾಲಿ. ಮೂರನೆಯ ದಿನಕ್ಕೆ ನನಗೆ ಕಾರಣ ಹೊಳೆಯಿತು: ಅವಳ ಹೊಸ ಮನೆಯ ಪ್ರವೇಶಕ್ಕೆ ನಾನು ಹೋಗಿರಲಿಲ್ಲ, ಸಿಟ್ಟು ಹೀಗೆ ತೀರಿಸಿಕೊಳ್ಳುತ್ತಿದ್ದಾಳೆ. ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ನಾನೇ ಸೋತಂತೆ ಅನಿಸಿತು.

"ಆಟಾನೇ ಕೆಟ್ಟಿರಬೇಕು. ಪುಕ್ಕಟೆ ಬಂದಿದ್ದು ಹಾಂಗೇ ಇರ್ತದ," ಎಂದರು ನನ್ನ ಗಂಡ. ಅವರು ಯಾವಾಗಲೂ ಅವಳ ಪರ.

ಅದೇ ವಾರ ತಂಗಿಯ ಗಂಡ ಏನೋ ಕೆಲಸದ ಮೇಲೆ ಆಳಂದಕ್ಕೆ ಬಂದ. ತಂಗಿ ಸ್ಟೀಲ್ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಳಿಸಿದ್ದಳು. ಆಟದಲ್ಲಿ ಖಾಲಿ, ಇಲ್ಲಿ ತುಂಬು. ಇದೆಲ್ಲ ಗಂಡನೆದುರಿನ ನಾಟಕ ಎಂದುಕೊಂಡೆ. ಹೋಳಿಗೆ ತೆಗೆದಿಟ್ಟು, ಡಬ್ಬಿ ತೊಳೆದು, ಒರೆಸಿ, ಮುಚ್ಚಳ ಬಿಗಿದು, ಖಾಲಿಯೇ ಅವನ ಚೀಲಕ್ಕೆ ಹಾಕಿದೆ.

ಹತ್ತು ದಿನದ ಮೇಲೆ ಆಟ ತೆರೆದಾಗ ಒಂದು ಸೂಚನೆ ಕಂಡಿತು: ಕೆಲವರಿಗೆ ಬುಟ್ಟಿಗಳು ಖಾಲಿ ತಲುಪಿವೆ, ತಪ್ಪು ನಮ್ಮದು, ಕ್ಷಮಿಸಿ. ಜೊತೆಗೆ ಎರಡು ಕೋಳಿ ಬಹುಮಾನ. ಮೈ ಉರಿಯಿತು. ಸರಿಯಾಗಿ ಪರೀಕ್ಷೆ ಮಾಡದೆ ಆಟ ಬಿಟ್ಟು, ಅಕ್ಕತಂಗಿಯರ ನಡುವೆ ಹುಳಿ ಹಿಂಡಿ, ಕೋಳಿ ಕೊಟ್ಟರೆ ಮುಗಿಯಿತೇ? ಮೊದಲೇ ಗೊತ್ತಿದ್ದೂ ಸುಮ್ಮನಿದ್ದರೋ ಏನೋ ಎಂಬ ಅನುಮಾನ ನನಗೆ ಈಗಲೂ ಇದೆ.

ತಂಗಿಗೆ ಫೋನ್ ಮಾಡಿ ಆ ಆಟ ಮಾಡಿದವರನ್ನು ಮನಸಾರೆ ಬೈದೆ. ಅವಳು ನಕ್ಕಳು.

"ನನಗೂ ನಿನ್ನ ಬುಟ್ಟಿ ಖಾಲೀನೇ ಬರಾಕತ್ತಿದ್ವು ಅಕ್ಕಾ. ಆಟ ಕೆಟ್ಟದ ಅಂತ ಬಿಟ್ಟೆ. ಹೋಗ್ಲಿ, ಅವರೂ ಮನಷ್ಯಾರೇ." ಆಮೇಲೆ ದನಿ ತಗ್ಗಿಸಿದಳು. "ಆದ್ರ ನೀ ಡಬ್ಬ್ಯಾಗ ಹಾಕಿ ಕಳಿಸಿದ್ದು ನಮ್ಮನಿಯವರು ದಾರ್ಯಾಗೇ ತಿಂದಾರ. ಕೇಳಿದ್ರ ಇಲ್ಲ ಅಂತಾರ. ಅವತ್ತಿನಿಂದ ಅವರ ಜೋಡಿ ಮಾತೇ ಬಿಟ್ಟೇನಿ. ಏನ್ ಹಾಕಿದ್ದಿ ಅಕ್ಕಾ?"

ತಪ್ಪು ನನ್ನದು ಎಂದು ಹೇಳಬೇಕಿತ್ತು. ಆಟ ಮಾಡಿದವರು ಅಷ್ಟನ್ನಾದರೂ ಬರೆದಿದ್ದರು.

"ಚಕ್ಕಲಿ," ಎಂದೆ.