ಹೆಂಡತಿಯ ಕ್ರೈಸ್ತ ಕಾದಂಬರಿಗಳನ್ನು ಕದ್ದು ಓದಿದ್ದು

ನಾನು ಕ್ರೈಸ್ತನಲ್ಲ. ಒಳ್ಳೆಯ ಹಿಂದೂ ಎಂದು ಹೇಳಿಕೊಳ್ಳಲೂ ಧೈರ್ಯ ಸಾಲದು. ಅಮ್ಮ ಮೈಸೂರಿನಿಂದ ಫೋನ್ ಮಾಡಿ "ದೀಪ ಹಚ್ಚಿದ್ಯೇನೋ?" ಎಂದು ಕೇಳಿದಾಗ ಮೊದಲು "ಹೂಂ" ಎಂದು, ಆಮೇಲೆ ಬೆಂಕಿಪೊಟ್ಟಣ ಹುಡುಕುವವನು. ಅಂಥವನು ಈ ಕೆಲವು ತಿಂಗಳಲ್ಲಿ ಒಂದರ ಹಿಂದೆ ಒಂದರಂತೆ ಇಂಗ್ಲಿಷಿನ ಕ್ರೈಸ್ತ ಕಾದಂಬರಿಗಳನ್ನು ಓದಿದ್ದೇನೆ. ಮುಖಪುಟದಲ್ಲಿ ಗೋಧಿ ಹೊಲ, ಮರದ ಬೇಲಿ, ದೂರ ನೋಡುತ್ತ ನಿಂತ ಹೆಂಗಸು. ಒಳಗೆ ಬಿರುಕು ಬಿಟ್ಟ ಸಂಸಾರ, ಮುನಿಸಿಕೊಂಡ ಅಪ್ಪ, ಎಂದೂ ಸಿಟ್ಟಾಗದ ಪಾದ್ರಿ. ಕೊನೆಯ ಅಧ್ಯಾಯದಲ್ಲಿ ಎಲ್ಲರೂ ಊಟದ ಮೇಜಿನ ಸುತ್ತ ಕೈಕೈ ಹಿಡಿದು ತಲೆ ಬಗ್ಗಿಸಿರುತ್ತಾರೆ. ಅಲ್ಲಿಗೆ ಬಂದಾಗಲೆಲ್ಲ ನನ್ನ ಕಣ್ಣು ತುಂಬುತ್ತಿತ್ತು. ಈ ವಿಷಯ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ಪುಸ್ತಕಗಳು ನನ್ನವಲ್ಲ. ಹೆಂಡತಿಯವು ಎಂದುಕೊಂಡಿದ್ದೆ. ಅವಳಿಗೆ ಅವನ್ನು ಕೊಡುತ್ತಿದ್ದವರು ಮಂಗಳೂರು ಕಡೆಯ ಒಬ್ಬ ಕ್ರೈಸ್ತ ಹೆಂಗಸು. ಲೋಕಲ್ ರೈಲಿಗೆ ಕಲ್ಯಾಣದಲ್ಲಿ ಹತ್ತಿ ಠಾಣೆ ಸ್ಟೇಷನ್ನಿನಲ್ಲಿ ಇಳಿಯುವವರು. ನನ್ನ ಹೆಂಡತಿ ಡೊಂಬಿವ್ಲಿಯಲ್ಲಿ ಅದೇ ಮಹಿಳೆಯರ ಡಬ್ಬಿ ಹತ್ತಿ, ಠಾಣೆಯ ನೌಪಾಡಾದಲ್ಲಿರುವ ಕಣ್ಣಿನ ಡಾಕ್ಟರ ಕ್ಲಿನಿಕ್ಕಿಗೆ ಕೆಲಸಕ್ಕೆ ಹೋಗುತ್ತಾಳೆ. ಅವಳೂ ಉಡುಪಿ ಕಡೆಯವಳಾದ್ದರಿಂದ ಇಬ್ಬರಿಗೂ ಮೊದಲ ದಿನವೇ ಸ್ನೇಹವಾಯಿತು. ನಮ್ಮ ಮನೆಯಲ್ಲಿ ಅವರ ಹೆಸರು "ರೈಲಿನ ಅಕ್ಕ".

ನಾನು ಓದಲು ಶುರುಮಾಡಿದ್ದು ಭಕ್ತಿಯಿಂದಲ್ಲ, ಪತ್ತೇದಾರಿಕೆಗಾಗಿ. ಹೆಂಡತಿ ನನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದಳು. ಅವಳು ಮುಚ್ಚಿಟ್ಟಿದ್ದಾಳೆ ಎಂದು ನನಗೆ ಗೊತ್ತಿರುವುದನ್ನು ನಾನು ಅವಳಿಂದ ಮುಚ್ಚಿಟ್ಟಿದ್ದೆ.

ನಮ್ಮ ಮನೆ ಡೊಂಬಿವ್ಲಿಯ ಪಶ್ಚಿಮಕ್ಕೆ. ನನ್ನನ್ನು ಮಹಾಪೆಗೆ ಕರೆದೊಯ್ಯುವ ಕಂಪನಿ ಬಸ್ಸು ಬರುವುದು ಪೂರ್ವಕ್ಕೆ. ದಿನಾ ಬೆಳಿಗ್ಗೆ ಇಬ್ಬರೂ ಸ್ಟೇಷನ್ನಿನ ಸೇತುವೆ ಹತ್ತುತ್ತೇವೆ. ಅವಳು ನಡುವಿನ ಮೆಟ್ಟಿಲಿಂದ ಪ್ಲಾಟ್‌ಫಾರ್ಮಿಗೆ ಇಳಿಯುತ್ತಾಳೆ, ನಾನು ಆಚೆ ದಾಟುತ್ತೇನೆ. ಕೆಲವು ತಿಂಗಳ ಹಿಂದೆ ಒಂದು ದಿನ ಅವಳು ಇಳಿಯುವಾಗಲೇ ಗಾಡಿ ಹೊರಟಿತ್ತು. ಅವಳು ಓಡಿದಳು. ನಾನು ಸೇತುವೆಯ ಸರಳಿನ ಸಂದಿಯಿಂದ ಸುಮ್ಮನೆ ನೋಡುತ್ತಿದ್ದೆ, ಸಿಗುತ್ತದೋ ಇಲ್ಲವೋ ಎಂದು. ಸಿಕ್ಕಿತು. ಒಂದು ಕೈ ಬಾಗಿಲ ಕಂಬಕ್ಕೆ, ಒಂದು ಕಾಲು ಮೆಟ್ಟಿಲಿಗೆ. ಇನ್ನೊಂದು ಕಾಲಿಗೆ ಏನೂ ಸಿಗಲಿಲ್ಲ. ಅವಳ ಮೈ ಬಾಗಿಲಿನ ಹಾಗೆ ಹೊರಗೆ ತೆರೆದುಕೊಂಡಿತು. ಪ್ಲಾಟ್‌ಫಾರ್ಮಿನ ಕೊನೆ ಹತ್ತಿರ ಬರುತ್ತಿತ್ತು. ಒಳಗಿಂದ ನಾಲ್ಕೈದು ಕೈಗಳು ಬಂದು ಅವಳ ತೋಳು, ಜಡೆ, ದುಪಟ್ಟಾ, ಸಿಕ್ಕಿದ್ದನ್ನು ಹಿಡಿದು ಒಳಗೆ ಎಳೆದುಕೊಂಡವು. ಗಾಡಿ ಹೋಯಿತು. ಹಳಿಯ ಮೇಲೆ ಅವಳ ಒಂದು ಚಪ್ಪಲಿ ಉಳಿದಿತ್ತು.

ಇಂಥ ಹೊತ್ತಿನಲ್ಲಿ ಕಾದಂಬರಿಯ ಗಂಡ ವ್ಯಾಕರಣ ತಪ್ಪದ ಒಂದು ಪೂರ್ತಿ ಪ್ರಾರ್ಥನೆ ಹೇಳುತ್ತಾನೆ. ನನ್ನ ಬಾಯಿಂದ ಬಂದದ್ದು "ಅರೆ, ಅರೆ, ಅರೆ". ಸ್ವಲ್ಪ ಹೊತ್ತಿಗೆ ಫೋನಿಗೆ ಅವಳ ಮೆಸೇಜು ಬಂತು: "ಗ್ಯಾಸ್ ಆಫ್ ಮಾಡಿದ್ರಾ?" ನಾನು "ಮಾಡಿದೆ" ಎಂದು ಬರೆದೆ.

ಸಂಜೆ ಅವಳು ಹೊಸ ಚಪ್ಪಲಿಯಲ್ಲಿ ಬಂದಳು.

"ಹೊಸದಾ?" ಎಂದೆ.

"ಹಳೇದು ಕಿತ್ತುಹೋಯ್ತು."

ಅಷ್ಟೇ. ಕಂಪನಿಯಲ್ಲಿ ನನ್ನ ಕೆಲಸ ಸಿಟ್ಟಾದ ಗ್ರಾಹಕರಿಗೆ "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ" ಎಂದು ದಿನವಿಡೀ ಬರೆಯುವುದು. ಮನೆಯಲ್ಲಿ ಅದರ ಕಾಲುಭಾಗವೂ ಬಾಯಿಂದ ಹೊರಡಲಿಲ್ಲ. ಹೇಳುವವಳು ಅವಳೇ ಹೇಳಲಿ ಎಂದು ಕಾದೆ. ಅವಳು ಹೇಳಲಿಲ್ಲ. ನಾನು ಮಾತ್ರ ಹಲ್ಲುಜ್ಜುವಾಗ, ಮೀಟಿಂಗಿನ ನಡುವೆ, ಚಹಾ ಸೋಸುವಾಗ ಆ ಸೇತುವೆ ಮೇಲೆಯೇ ನಿಂತಿರುತ್ತಿದ್ದೆ. ಪ್ರತಿ ಸಲವೂ ಕಾಲು ಜಾರುತ್ತಿತ್ತು. ಕೆಲವು ಸಲ ಒಳಗಿನ ಕೈಗಳು ಬರುವುದು ತಡವಾಗುತ್ತಿತ್ತು.

ಅವಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಅವಳು ಊಟದ ಮೇಜಿನ ಮೇಲೆ ಇಟ್ಟ ಪುಸ್ತಕಕ್ಕೆ ಕೈ ಹಾಕಿದ್ದು ಆಗ. ಸಂಜೆ ನಾನು ಅವಳಿಗಿಂತ ಮೊದಲು ಮನೆ ಸೇರುತ್ತೇನೆ. ಅವಳು ಬರುವವರೆಗೆ ಓದಿ, ಪುಸ್ತಕವನ್ನು ಇದ್ದ ಕೋನದಲ್ಲೇ ಇಡುತ್ತಿದ್ದೆ. ಪುಟದ ಗುರುತಿಗೆ ಅವಳು ಇಟ್ಟ ಚೀಟಿ ವಾರಗಟ್ಟಲೆ ಒಂದೇ ಪುಟದಲ್ಲಿರುತ್ತಿತ್ತು. ಪಾಪ, ಪುರುಸೊತ್ತಿಲ್ಲ ಎಂದುಕೊಂಡೆ. ನಾನು ಒಂದು ಮುಗಿಸಿದೊಡನೆ ಮೇಜಿನ ಮೇಲೆ ಇನ್ನೊಂದು ಬರುತ್ತಿತ್ತು. ಅದರ ಬಗ್ಗೆಯೂ ನನ್ನ ಪತ್ತೇದಾರ ಬುದ್ಧಿ ಏನನ್ನೂ ಯೋಚಿಸಲಿಲ್ಲ.

ಮೊದಮೊದಲು ಅನಾಥ ಹುಡುಗಿಯರ, ಜಗಳವಾಡಿದ ಅಕ್ಕತಂಗಿಯರ ಕಥೆಗಳಿದ್ದವು. ಆಮೇಲೆ ಸಾಲಾಗಿ ಬಾಯಿ ಬಿಡದ ಗಂಡಂದಿರೇ ಬಂದರು. ಒಬ್ಬ ಕೊಟ್ಟಿಗೆಯಲ್ಲಿ ಕುದುರೆಯ ಜೊತೆ ಮಾತಾಡುತ್ತಾನೆ, ಹೆಂಡತಿಯ ಜೊತೆ ಇಲ್ಲ. ಇನ್ನೊಬ್ಬ ಹಿಮದಲ್ಲಿ ಸೌದೆ ಸೀಳುತ್ತ ಅಳುತ್ತಾನೆ. ಒಟ್ಟಾರೆ ಕ್ರೈಸ್ತ ಗಂಡಸರ ಅವಸ್ಥೆ ಕಂಡು ನನಗೆ ಮರುಕವಾಯಿತು.

ಆದರೂ ಅವರು ಕೊನೆಗೆ ಬಾಯಿ ಬಿಡುತ್ತಿದ್ದರು. ಹೆಂಡತಿಯ ಎರಡೂ ಕೈ ಹಿಡಿದು, ಅಡುಗೆಮನೆಯಲ್ಲಿ ಮೊಣಕಾಲೂರಿ, ಮನಸ್ಸಿನಲ್ಲಿದ್ದುದನ್ನೆಲ್ಲ ಸುರಿಯುತ್ತಿದ್ದರು. ನಾನೂ ಒಂದು ಭಾನುವಾರ ಬೆಳಿಗ್ಗೆ ಧೈರ್ಯ ಮಾಡಿದೆ. ಮೊಣಕಾಲೂರಲು ನಮ್ಮ ಅಡುಗೆಮನೆಯಲ್ಲಿ ಜಾಗವಿಲ್ಲ. ಊರಿದರೆ ಫ್ರಿಜ್ಜಿನ ಬಾಗಿಲು ತೆರೆಯುವುದಿಲ್ಲ. ಅವಳು ನೀರುದೋಸೆ ಹುಯ್ಯುತ್ತಿದ್ದಳು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಮುಚ್ಚಳ. ಹಿಡಿಯಲು ಕೈಯೂ ಇರಲಿಲ್ಲ.

"ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು ಕಣೇ."

"ಕೆಲಸ ಹೋಯ್ತಾ?"

"ಇಲ್ಲ."

"ಅತ್ತೆ ಬರ್ತಾರಾ?"

"ಇಲ್ಲ. ಹಾಗಲ್ಲ. ನನ್ನ ಹೃದಯದ ಮೇಲೆ ಒಂದು ಭಾರ ಇದೆ." ಇದು ಒಬ್ಬ ಪಾದ್ರಿಯ ಮಾತು. ಇಂಗ್ಲಿಷಿನಲ್ಲಿ ಚೆನ್ನಾಗಿತ್ತು.

ಅವಳು ಒಲೆ ಆರಿಸಿಬಿಟ್ಟಳು. "ಎದೆ ನೋಯ್ತಾ ಉಂಟಾ? ಎಡಗೈ? ಬೆವರ್ತದಾ? ಕೂತ್ಕೊಳ್ಳಿ ಮೊದ್ಲು."

"ಏನೂ ನೋಯ್ತಿಲ್ಲ. ಅವತ್ತು ನೀನು ಓಡಿ ಗಾಡಿ ಹತ್ತಿದ್ಯಲ್ಲ. ನಾನು ಮೇಲಿಂದ ನೋಡಿದೆ."

ಅವಳು ಸೌಟನ್ನು ಹಿಟ್ಟಿನ ಪಾತ್ರೆಯಲ್ಲಿಟ್ಟು ನನ್ನ ಕಡೆ ತಿರುಗಿದಳು.

"ಗೊತ್ತುಂಟು."

"ಏನು ಗೊತ್ತು?"

"ಒಳಗೆ ಎಳ್ಕೊಂಡ ಮೇಲೆ ಸೇತುವೆ ಕಡೆ ನೋಡಿದೆ. ನೀವು ಸರಳು ಹಿಡ್ಕೊಂಡು ಬಾಯಿ ತೆರೆದು ನಿಂತಿದ್ರಿ."

"ಮತ್ತೆ ಗ್ಯಾಸ್ ಆಫ್ ಮಾಡಿದ್ರಾ ಅಂತ ಮೆಸೇಜು ಯಾಕೆ?"

"ಮತ್ತೆಂತ ಬರೀಬೇಕಿತ್ತು ಮಾರಾಯ್ರೆ? ಬದುಕಿದ್ದೇನೆ ಅಂತಲಾ? ಮೆಸೇಜು ಬಂದ್ರೆ ಬದುಕಿದ್ದಾಳೆ ಅಂತ ಅಲ್ವಾ ಅರ್ಥ. ಸಂಜೆ ನೀವೇ ಕೇಳ್ತೀರಿ ಅಂತ ಬಂದೆ. ಚಪ್ಪಲಿ ಹೊಸದಾ ಅಂತ ಕೇಳಿದ್ರಿ."

ನಾನು ಫ್ರಿಜ್ಜಿಗೆ ಒರಗಿದೆ. ಅವಳು ನಿಲ್ಲಿಸಲಿಲ್ಲ. "ಬಾಯಲ್ಲಿ ಹೇಳ್ಲಿಕ್ಕೆ ಆಗದವ್ರು ಓದಿಯಾದ್ರೂ ಕಲೀಲಿ ಅಂತ ಅಕ್ಕನ ಹತ್ರ ಹೇಳಿ ಅಂಥ ಗಂಡಂದಿರ ಕಥೆಯೇ ತರಿಸಿದ್ದು."

"ಅವು ನೀನು ಓದೋ ಪುಸ್ತಕ ಅಲ್ವಾ?"

"ನಂದು ರೈಲಿನಲ್ಲೇ ಮುಗೀತದೆ. ಮೇಜಿನ ಮೇಲೆ ಇಟ್ಟದ್ದು ನಿಮ್ಗೆ."

"ನಾನು ಓದ್ತೀನಿ ಅಂತ ಹೇಗೆ ಗೊತ್ತಾಯ್ತು?"

"ಪುಟದ ನಡುವೆ ಶೇಂಗಾ ಸಿಪ್ಪೆ. ಪಾದ್ರಿ ಪ್ರಾರ್ಥನೆ ಮಾಡುವಲ್ಲಿ ಜಾಸ್ತಿ."

"ಇದೆಲ್ಲ ಇಡೀ ಡಬ್ಬಿಗೆ ಗೊತ್ತಾ?"

"ಇಡೀ ಡಬ್ಬಿಗೆ ಎಂತಕ್ಕೆ? ನಮ್ಮ ಗ್ರೂಪಿಗೆ ಮಾತ್ರ. ಹತ್ತು ಹನ್ನೆರಡು ಜನ ಅಷ್ಟೇ. ಅಕ್ಕ ನಿಮ್ಗಾಗಿ ದಿನಾ ಪ್ರಾರ್ಥನೆ ಮಾಡ್ತಾರೆ. ಉಳಿದವ್ರು 'ಬಿಚಾರಾ' ಅಂತಾರೆ, ಪಾಪ ಅಂತ."

ಕಾದಂಬರಿಯಲ್ಲಾದರೆ ಇಲ್ಲಿ ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಕಿಟಕಿಯಿಂದ ಬಿಸಿಲು ಬೀಳುತ್ತದೆ. ನಮ್ಮ ಅಡುಗೆಮನೆಯ ಕಿಟಕಿ ತೆರೆಯುವುದು ಪಕ್ಕದ ಕಟ್ಟಡದ ಪೈಪುಗಳ ಕಡೆಗೆ. ನಾನು ಇಷ್ಟು ತಿಂಗಳು ನುಂಗಿಕೊಂಡಿದ್ದ ಮಾತು ಆಗ ಹೊರಗೆ ಬಂತು.

"ಇನ್ನು ರೈಲಲ್ಲಿ ಹೋಗ್ಬೇಡ. ಕೆಲಸ ಬಿಟ್ಬಿಡು."

ಅವಳ ಮುಖದ ನಗು ಹೋಯಿತು. "ಇದಕ್ಕೇ ನಾನು ಬಾಯಿ ಬಿಡ್ಲಿಲ್ಲ. ನೀವು ಇದನ್ನೇ ಹೇಳ್ತೀರಿ ಅಂತ."

"ನೀನು ಬೀಳ್ತಿದ್ದೆ."

"ಬೀಳ್ತಿದ್ದೆ, ಹೌದು. ಎಳ್ಕೊಂಡದ್ದೂ ಅದೇ ಡಬ್ಬಿಯವ್ರು. ಅಕ್ಕನ ಉಗುರಿನ ಗುರುತು ತೋಳಲ್ಲಿ ಎಷ್ಟೋ ದಿನ ಇತ್ತು. ನಿಮ್ಗೆ ಕಾಣ್ಲಿಲ್ಲ."

ಕಂಡಿತ್ತು. ಅದನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಮುಚ್ಚಳವನ್ನು ಕೆಳಗಿಟ್ಟಳು.

"ನಂಗೂ ಹೆದರಿಕೆ ಉಂಟು. ದಿನಾ ಮೆಟ್ಟಿಲು ಇಳಿವಾಗ ಅದೇ ನೆನಪಾಗ್ತದೆ. ಆದ್ರೂ ಹೋಗ್ತೇನೆ. ಕೆಲಸ ಬಿಡುದಿಲ್ಲ. ನೀವು ಹೆದರಿಕೆ ಅಂತ ಹೇಳಿ, ನಾನು ಕೇಳ್ತೇನೆ. ಹೋಗ್ಬೇಡ ಅಂತ ಮಾತ್ರ ಹೇಳ್ಬೇಡಿ."

ಒಲೆ ಮತ್ತೆ ಹೊತ್ತಿಸಿದಳು. ಕಾವಲಿಯಲ್ಲಿ ಅರ್ಧ ಬೆಂದು ನಿಂತಿದ್ದ ದೋಸೆ ಏಳಲಿಲ್ಲ. ಕೆರೆದು ನನ್ನ ತಟ್ಟೆಗೇ ಹಾಕಿದಳು.

ಸೋಮವಾರ ನಾನು ಸೇತುವೆ ದಾಟಲಿಲ್ಲ. ಅವಳ ಜೊತೆ ಪ್ಲಾಟ್‌ಫಾರ್ಮಿಗೆ ಇಳಿದೆ. ಮಹಿಳೆಯರ ಡಬ್ಬಿ ನಿಲ್ಲುವ ಜಾಗದಲ್ಲಿ ನಾನೊಬ್ಬನೇ ಗಂಡಸು. ಹೆಂಗಸರು ನನ್ನನ್ನು ಯಾರೋ ಬಿಟ್ಟುಹೋದ ಪಾರ್ಸೆಲ್ಲಿನಂತೆ ಸುತ್ತು ಹಾಕಿ ಹೋಗುತ್ತಿದ್ದರು. ಫಾಸ್ಟ್ ಲೋಕಲ್ ಬಂತು. ಬಾಗಿಲಲ್ಲಿ ಜೇನುಹುಟ್ಟಿನಂತೆ ಜನ. ನಡುವಿನಿಂದ ಕನ್ನಡಕದ ಒಬ್ಬ ಹೆಂಗಸು ಕೈ ಚಾಚಿ ಕರೆದರು, "ಬಾ ಬಾ, ಜಾಗ ಉಂಟು." ಅದು ಅಕ್ಕನೇ ಇರಬೇಕು. ಅವರ ಕಣ್ಣು ನನ್ನ ಮೇಲೆ ಬಿತ್ತು. ಬಿಚಾರಾನನ್ನು ಪ್ರತ್ಯಕ್ಷ ಕಂಡ ಸಂತೋಷ ಅವರ ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು.

ನನ್ನ ಹೆಂಡತಿ ತಲೆಯಾಡಿಸಿದಳು. ಹತ್ತಲಿಲ್ಲ. ಗಾಡಿ ಹೊರಟಿತು.

ಈ ಊರಿನಲ್ಲಿ ಇರದವರಿಗೆ ಇದು ದೊಡ್ಡದಾಗಿ ಕಾಣಲಿಕ್ಕಿಲ್ಲ. ಬೆಳಗಿನ ಹೊತ್ತು ಡೊಂಬಿವ್ಲಿಯಲ್ಲಿ ಕಣ್ಣೆದುರು ಬಂದು ನಿಂತ ಫಾಸ್ಟ್ ಲೋಕಲನ್ನು, ಒಳಗಿಂದ ಕೈ ಕರೆಯುತ್ತಿರುವಾಗ, ಯಾರೂ ಯಾರಿಗಾಗಿಯೂ ಬಿಡುವುದಿಲ್ಲ.

ಗಾಡಿಯ ಕೊನೆಯ ಡಬ್ಬಿ ದಾಟುವವರೆಗೂ ನನ್ನ ಕೈ ಅವಳ ಚೀಲದ ಪಟ್ಟಿಯನ್ನು ಹಿಡಿದಿತ್ತು. ಅವಳು ಅದನ್ನು ನೋಡಿದಳು, ಬಿಡಿಸಲಿಲ್ಲ.

"ಹೆದರಿಕೆ ಆಯ್ತಾ?"

"ಆಯ್ತು."

"ನಂಗೂ."

ಮುಂದಿನ ಗಾಡಿ ಬಂದು ನಿಂತಿತು. ನಾನು ಪಟ್ಟಿ ಬಿಟ್ಟೆ. ಅವಳು ಹತ್ತಿದಳು.